ಕಕ್ಕಡದ ಮಂಜು, ಕೆಂಡ ಮತ್ತು ಎರಡು ಅಲಾರಂಗಳು

ಮಡಿಕೇರಿಯ ಹೊರವಲಯದಲ್ಲಿರುವ ನಮ್ಮ ಮನೆಯಲ್ಲಿ ಬಚ್ಚಲಿನ ಹಂಡೆಗೆ ಇಂದಿಗೂ ಸೌದೆ ಒಲೆಯೇ ಇದೆ. ಮಳೆಗಾಲದಲ್ಲಿ ಮಲಗುವ ಕೋಣೆಗೆ ಕೆಂಡದ ಅಗ್ಗಿಷ್ಟಿಕೆಯೂ ಬರುತ್ತಿತ್ತು. ಆದ್ದರಿಂದ 2021ರಲ್ಲಿ ಹಜಾರದ ಚಾವಣಿಗೆ ಹೊಗೆಯ ಅಲಾರಂ ಒಂದನ್ನೂ ಮಲಗುವ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನೂ ಹಾಕಿದೆ.

ಜುಲೈ-ಆಗಸ್ಟಿನ ಹೊತ್ತಿಗೆ ಬರುವ, ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದಲ್ಲಿ, ಮೊದಲ ವರ್ಷವೇ ಹಜಾರದ ಅಲಾರಂ ಹೊಗೆಯಿಲ್ಲದೆ ಕಿರುಚತೊಡಗಿತು. ರೋಸಿಹೋಗಿ ಅದನ್ನು ಬಿಚ್ಚಿ ಎರಡು ವಾರ ಬೀರುವಿನಲ್ಲಿಟ್ಟಿದ್ದೆ. ಅದು ನಾನು ಮಾಡಬಾರದಿದ್ದ ಕೆಲಸ. ಈ ಬಗೆಯ ಅಲಾರಮ್ಮಿನ ಒಳಗಿನ ಕತ್ತಲೆ ಗೂಡಿನಲ್ಲಿ ಸಣ್ಣದೊಂದು ಬೆಳಕು ಹಾಯುತ್ತಿರುತ್ತದೆ. ಹೊಗೆಯ ಕಣಗಳು ಆ ಬೆಳಕನ್ನು ಚೆದುರಿಸಿ ಸಂವೇದಕದ ಮೇಲೆ ಬೀಳಿಸಿದಾಗ ಅದು ಕೂಗುತ್ತದೆ. ಕಿಟಕಿಯಿಂದ ನುಗ್ಗುವ ಮಂಜು, ಬಚ್ಚಲಿನ ಹಬೆ, ದೂಳು ಇವೆಲ್ಲವೂ ಅದೇ ಕೆಲಸವನ್ನು ಮಾಡಬಲ್ಲವು. ಟಾರ್ಚ್ ಹಿಡಿದು ನೋಡಿದರೆ ಗಾಳಿಕಿಂಡಿಯೊಂದರಲ್ಲಿ ಜೇಡ ಬಲೆ ಕಟ್ಟಿತ್ತು, ಬಲೆಯ ಮೇಲೆ ನೀರಿನ ಹನಿಗಳು ಸಾಲಾಗಿ ಕೂತಿದ್ದವು. ಬಚ್ಚಲಿನ ಬಾಗಿಲಿನಿಂದ ಮೂರು ಮೀಟರಿಗೂ ದೂರಕ್ಕೆ ಅದನ್ನು ಸರಿಸಿ, ಕಿಂಡಿಗಳನ್ನು ಮೆತ್ತನೆಯ ಒಣ ಬ್ರಷ್ಷಿನಿಂದ ಹೊರಗಿನಿಂದಷ್ಟೇ ತಿಂಗಳಿಗೊಮ್ಮೆ ಗುಡಿಸತೊಡಗಿದ ಮೇಲೆ ಸುಳ್ಳು ಕೂಗು ಬಹುತೇಕ ನಿಂತಿತು.

ಬೆಳಗಿನ ಜಾವ ನಿಮಿಷಕ್ಕೊಮ್ಮೆ 'ಚಿಕ್' ಎನ್ನುವುದು ಬೇರೆಯೇ ಸಂಗತಿ. ಅದು ಬ್ಯಾಟರಿ ಸೋತಿರುವ ಸೂಚನೆ. ಚಳಿಗೆ ಬ್ಯಾಟರಿಯ ವೋಲ್ಟೇಜ್ ಇನ್ನಷ್ಟು ಇಳಿಯುವುದರಿಂದ ಅದು ಆ ಹೊತ್ತಿಗೇ ಶುರುವಾಗುತ್ತದೆ. ಈಗ ಮಳೆ ಹಿಡಿಯುವ ಮುನ್ನವೇ, ಮೇ ತಿಂಗಳಿನಲ್ಲಿ, ಹೊಸ ಬ್ಯಾಟರಿ ಹಾಕುತ್ತೇನೆ.

ಎರಡನೆಯ ಅಲಾರಂ ಕೂಗಿದ್ದು ಒಮ್ಮೆ ಮಾತ್ರ. ಜೋರು ಮಳೆಯ ರಾತ್ರಿ ಅತ್ತೆಯವರು ಕಿಟಕಿಗಳನ್ನೆಲ್ಲ ಮುಚ್ಚಿ ಅಗ್ಗಿಷ್ಟಿಕೆಯನ್ನು ಮಂಚದ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದರು. ನಾಲ್ಕು ಬೀಪ್, ಬಿಡುವು, ಮತ್ತೆ ನಾಲ್ಕು ಬೀಪ್. ತೆರೆಯ ಮೇಲೆ 118 ಎಂಬ ಅಂಕಿ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ ಕಾರ್ಬನ್ ಮಾನಾಕ್ಸೈಡ್. "ಅತ್ತೆ, ಮೊದಲು ಹೊರಗೆ ಬನ್ನಿ" ಎಂದರೆ, "ಹೊಗೆಯೇ ಇಲ್ಲವಲ್ಲ, ಬರೀ ಕೆಂಡ ತಾನೇ?" ಎಂದರು. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಅವರನ್ನು ಜಗಲಿಗೆ ಕರೆತಂದಾಗ ತಲೆ ಸಿಡಿಯುತ್ತಿದೆ ಎಂದರು. ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ದೆವು. ಅಗ್ಗಿಷ್ಟಿಕೆ ಅಂದಿನಿಂದ ಮನೆಯೊಳಗೆ ಬಂದಿಲ್ಲ.

ಪರೀಕ್ಷೆಯ ಗುಂಡಿಯನ್ನು ಪ್ರತಿ ತಿಂಗಳು ಒತ್ತುತ್ತೇನೆ. ಆದರೆ ಅದು ಸದ್ದು ಮತ್ತು ಬ್ಯಾಟರಿ ಸರಿಯಿವೆಯೆಂದು ಹೇಳುತ್ತದೆಯೇ ಹೊರತು ಅನಿಲವನ್ನು ಗುರುತಿಸುವ ಸಂವೇದಕ ಹಳತಾಗಿದೆಯೇ ಎಂಬುದನ್ನು ತಿಳಿಸುವುದಿಲ್ಲ. ಅದಕ್ಕೆ ಬೆನ್ನಿನ ಮೇಲೆ ಅಚ್ಚಾಗಿರುವ ಗಡುವೇ ಆಧಾರ. ಹೊಗೆಯ ಅಲಾರಮ್ಮಿಗೆ ಹತ್ತು ವರ್ಷ. ನಮ್ಮ ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮಿನ ಗಡುವು 2028. ಅಡುಗೆ ಅನಿಲದ ಸೋರಿಕೆಯನ್ನು ಇವೆರಡೂ ಹಿಡಿಯವು. ಅದು ನೆಲಕ್ಕೆ ಇಳಿಯುವ ಭಾರದ ಅನಿಲವಾದ್ದರಿಂದ ಅದಕ್ಕೆಂದೇ ಇರುವ ಬೇರೆ ಅಲಾರಮ್ಮನ್ನು ಅಡುಗೆಮನೆಯ ಗೋಡೆಯಲ್ಲಿ ನೆಲದ ಸಮೀಪ ಕೂರಿಸಿದ್ದೇನೆ.