ಒಂದೇ ಅರಿಶಿನ, ಮೂರು ಬೆಳಕು

ಬಿ.ಎಸ್‌ಸಿ. ಮಕ್ಕಳಿಗೆ ಬಣ್ಣದ ಮೇಲೆ ದ್ರಾವಕದ, ಎಂದರೆ ವಸ್ತುವನ್ನು ಕರಗಿಸುವ ದ್ರವದ, ಪ್ರಭಾವವನ್ನು ಕಣ್ಣಾರೆ ತೋರಿಸಬೇಕೆಂದು ಧಾರವಾಡದ ಮಾರುಕಟ್ಟೆಯಿಂದ ಅರಿಶಿನ ಕೊಂಬು ತಂದೆ. ಪುಡಿ ಬೇಡವೆನಿಸಿತು, ಬೇರೆ ಬಣ್ಣ ಬೆರೆತಿದ್ದರೆ ಎಲ್ಲವೂ ಕೆಡುತ್ತದೆ. ಕೊಂಬು ಕುಟ್ಟಿ, ಅಸಿಟೋನ್‌ನಲ್ಲಿ ನೆನೆಸಿ ಸೋಸಿದೆ. ಮೂರು ಗಾಜಿನ ಸೀಸೆಗಳಿಗೆ ಒಂದೊಂದು ಹನಿ ಬಿಟ್ಟು, ಆರಿದ ಮೇಲೆ ಟಾಲ್ಯೂಯಿನ್, ಅಸಿಟೋನ್, ಎಥನಾಲ್ ಎಂಬ ಮೂರು ದ್ರಾವಕಗಳನ್ನು ಒಂದೊಂದರಲ್ಲಿ ತುಂಬಿದೆ.

ಎಥನಾಲ್ ಸೀಸೆ ಕೆಂಪಗಾಯಿತು. ದ್ರಾವಕದ ಮಹಿಮೆಯೆಂದು ಹಿಗ್ಗಿದೆ. ಆದರೆ ಆ ಕೆಂಪು ಎಲ್ಲೋ ಕಂಡದ್ದು! ಅವ್ವ ಅರಿಶಿನ ನೀರಿಗೆ ಚಿಟಿಕೆ ಸುಣ್ಣ ಹಾಕಿ ಆರತಿಗೆ ಕಲೆಸುತ್ತಿದ್ದ ಬಣ್ಣವೇ ಅದು. ಸೀಸೆ ತೊಳೆದ ಸೋಡಾ ತಳದಲ್ಲಿ ಉಳಿದಿತ್ತು. ಒಂದು ಹನಿ ನಿಂಬೆರಸ ಬಿಟ್ಟೆ, ಹಳದಿ ಮರಳಿತು. ಕ್ಷಾರ ಸೋಕಿದರೆ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅಣುವೇ ಪ್ರೋಟಾನ್ ಕಳೆದುಕೊಂಡು ಬೇರೆಯಾಗುತ್ತದೆ. ದ್ರಾವಕದ ಪ್ರಭಾವದಲ್ಲಿ ಅಣು ಅದೇ ಆಗಿರುತ್ತದೆ.

ಸೀಸೆಗಳನ್ನು ಚೆನ್ನಾಗಿ ತೊಳೆದು ಮತ್ತೆ ಮಾಡಿದೆ. ಹಗಲಿನಲ್ಲಿ ಮೂರೂ ಒಂದೇ ತೆಳು ಹಳದಿ, ಏಕೆಂದರೆ ಹೀರುವ ಬೆಳಕು ಎಲ್ಲದರಲ್ಲೂ 420ರಿಂದ 430 ನ್ಯಾನೋಮೀಟರ್ ಆಸುಪಾಸು. ಕಿಟಕಿ ಮುಚ್ಚಿ ನೇರಳಾತೀತ ಟಾರ್ಚ್ ಹಿಡಿದೆ. ಟಾಲ್ಯೂಯಿನ್ ನೀಲಿ ಬೆರೆತ ಹಸಿರಾಗಿ, ಅಸಿಟೋನ್ ಹಸಿರಾಗಿ, ಎಥನಾಲ್ ಹಳದಿಗೆ ವಾಲಿದ ಹಸಿರಾಗಿ ಹೊಳೆದವು. ಹಿಂದಿನ ಬೆಂಚಿನವರೂ ಮುಂದೆ ಬಂದು ನಿಂತರು.

ಅಣು ಬೆಳಕನ್ನು ಹೀರುವ ಕ್ಷಣದಲ್ಲಿ ಸುತ್ತಲಿನ ದ್ರಾವಕಕ್ಕೆ ಅಲುಗಾಡಲೂ ಪುರುಸೊತ್ತಿಲ್ಲ. ಉದ್ರೇಕಗೊಂಡ ಅಣುವಿನಲ್ಲಿ ವಿದ್ಯುದಾವೇಶದ ಹಂಚಿಕೆ ಬದಲಾಗಿರುತ್ತದೆ. ಧ್ರುವೀಯ ದ್ರಾವಕದ ಅಣುಗಳು, ಎಂದರೆ ಒಂದು ತುದಿಯಲ್ಲಿ ತುಸು ಧನ, ಇನ್ನೊಂದರಲ್ಲಿ ತುಸು ಋಣ ಆವೇಶವಿರುವವು, ಸೆಕೆಂಡಿನ ಲಕ್ಷ ಕೋಟಿಯ ಪಾಲುಗಳ ಲೆಕ್ಕದಲ್ಲಿ, ಅದಕ್ಕೆ ಹೊಂದುವಂತೆ ಹೊರಳಿ ಅದರ ಶಕ್ತಿಯನ್ನು ತಗ್ಗಿಸುತ್ತವೆ. ಬೆಳಕು ಹೊರಬರುವುದು ಆಮೇಲೆ. ಶಕ್ತಿ ತಗ್ಗಿದಷ್ಟೂ ಅದು ಕೆಂಪಿನ ಕಡೆ ಸರಿಯುತ್ತದೆ.

ನನಗೆ ಬಹಳ ಹಿಡಿಸಿದ್ದು ಅಸಿಟೋನ್ ಮತ್ತು ಎಥನಾಲ್‌ಗಳ ಜೋಡಿ. ದ್ರಾವಕ ಎಷ್ಟು ಧ್ರುವೀಯ ಎಂಬುದರ ಒಂದು ಅಳತೆಯಾದ ಪರಾವೈದ್ಯುತಾಂಕ ಒಂದರದು ಸುಮಾರು 21, ಇನ್ನೊಂದರದು ಸುಮಾರು 24.5; ಅಂತರ ಅಷ್ಟೇ. ಆದರೂ ಹೊಮ್ಮುವ ಬಣ್ಣದಲ್ಲಿ ಕಣ್ಣಿಗೆ ಹೊಡೆಯುವಷ್ಟು ವ್ಯತ್ಯಾಸ. ಎಥನಾಲ್ ಕರ್ಕ್ಯುಮಿನ್‌ನೊಡನೆ ಹೈಡ್ರೋಜನ್ ಬಂಧವನ್ನೂ ಕಟ್ಟಿಕೊಳ್ಳುತ್ತದೆ. ಬರೀ ಧ್ರುವೀಯತೆಯ ಸೂತ್ರ ಹಾಕಿದರೆ ಇದು ಲೆಕ್ಕಕ್ಕೆ ಸಿಗುವುದಿಲ್ಲ.

ಒಬ್ಬ ಹುಡುಗಿ ಕೇಳಿದಳು, "ಸರ್, ಅಣು ಬದಲಾಗಿಲ್ಲ ಎನ್ನುವುದಕ್ಕೆ ಸಾಕ್ಷಿ ಏನು?" ಎಥನಾಲ್ ಸೀಸೆಯನ್ನು ಅವಳ ಕೈಯಲ್ಲೇ ಆರಿಸಿ, ಅದೇ ಹಳದಿ ಕಲೆಯ ಮೇಲೆ ಟಾಲ್ಯೂಯಿನ್ ಹಾಕಿಸಿದೆ. ಟಾರ್ಚ್ ಹಿಡಿದಾಗ ನೀಲಿ ಬೆರೆತ ಹಸಿರು ಬಂತು.