ಸೂಟಿ ಮುಗಿಸಿ ಅಪ್ಪ ಮಿಲಿಟರಿಗೆ ಹೊರಟಾಗ ಮಕ್ಕಳನ್ನು ಸಂಭಾಳಿಸುವುದು

ಮಗು ಮಲಗಿದ್ದಾಗ ಸದ್ದಿಲ್ಲದೆ ಮನೆ ಬಿಡಬೇಡಿ. ಅಳು ತಪ್ಪಿಸಲೆಂದು ಹೀಗೆ ಮಾಡುವುದುಂಟು. ಎದ್ದ ಮಗು ಮನೆಯೆಲ್ಲ ಹುಡುಕುತ್ತದೆ, ಆಮೇಲೆ ನಿದ್ದೆಗೇ ಹೆದರುತ್ತದೆ.

ಮೂರು ದಿನ ಮೊದಲೇ ಹೇಳಿ. ಟ್ರಂಕ್ ತುಂಬುವಾಗ ಪಕ್ಕಕ್ಕೆ ಕೂಡಿಸಿಕೊಂಡು ಶೇಂಗಾ ಚಟ್ನಿ ಡಬ್ಬಿ, ಖಡಕ್ ರೊಟ್ಟಿ ಗಂಟು ಅದರ ಕೈಯಿಂದಲೇ ಇಡಿಸಿ. ಹುಬ್ಬಳ್ಳಿ ಸ್ಟೇಷನ್ನಿಗೆ ಕರೆದೊಯ್ದರೆ ರೈಲು ಹೊರಡುವವರೆಗೂ ನಿಲ್ಲಿ. ಮುಂದೆ ಬರುವ ತಾರೀಖು ಮಾತ್ರ ಕೊಡಬೇಡಿ. ವರ್ಷಕ್ಕೆ 60 ದಿನದ ಸೂಟಿ ಇದ್ದರೂ ಅದು ಮಂಜೂರಾಗುವುದು ಯೂನಿಟ್ಟಿನ ಪರಿಸ್ಥಿತಿ ನೋಡಿ. ತಪ್ಪಿದ ತಾರೀಖನ್ನು ಮಕ್ಕಳು ಅಪ್ಪ ಹೇಳಿದ ಸುಳ್ಳೆಂದೇ ನೆನಪಿಡುತ್ತಾರೆ.

ಹಿರಿಮಗನಿಗೆ "ಇನ್ನ ಮನಿಗೆ ನೀನ ಯಜಮಾನ" ಅನ್ನುವುದು ದೊಡ್ಡ ತಪ್ಪು. ಹದಿಮೂರರ ಹುಡುಗ ಅದನ್ನು ನಿಜವೆಂದೇ ಹೊತ್ತುಕೊಳ್ಳುತ್ತಾನೆ: ಆಟ ಬಿಡುತ್ತಾನೆ, ಅವ್ವನ ಮುಂದೆ ಅಳುವುದಿಲ್ಲ, ದೊಡ್ಡವನಾದ ಮೇಲೂ ಯಾರ ಹತ್ತಿರವೂ ನೋವು ಹೇಳಿಕೊಳ್ಳಲಾರ. ಹಾಲು ತರುವಂಥ ಒಂದು ಕೆಲಸ ಒಪ್ಪಿಸಿ, ಸಾಕು.

ಗಡಿಯಲ್ಲಿ ಗುಂಡಿನ ಸುದ್ದಿ ಇದ್ದ ದಿನ ಟಿವಿ ಬಂದ್ ಇಡಿ.

ಎರಡು ವಾರ ಕಳೆದರೂ ಹಾಸಿಗೆ ಒದ್ದೆಯಾಗುತ್ತಿದ್ದರೆ, ಊಟ ಸೇರದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ತೋರಿಸಿ. ಅಪರಾತ್ರಿಯಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416: ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಹತ್ತುವುದಿಲ್ಲ.