ಲ್ಯಾಪ್‌ಟಾಪಿನಲ್ಲೇ ಮಲೆನಾಡಿನ ಫೋನ್: ಆಂಡ್ರಾಯ್ಡ್ ಎಮ್ಯುಲೇಟರ್ ಹಾಕಿ ಆಪ್ ಪರೀಕ್ಷಿಸುವ ಬಗೆ

ಕಾಫಿ ತೋಟದ ಆಳುಗಳ ಹಾಜರಿ ಹಾಕುವ ಆಪ್ ಹಾಸನದ ಆಫೀಸಿನ ವೈಫೈನಲ್ಲಿ ಚೆನ್ನಾಗಿಯೇ ಓಡುತ್ತದೆ. ಮೂಡಿಗೆರೆ ದಾಟಿ ಸಿಗ್ನಲ್ ಕೈಕೊಟ್ಟಾಗ ಏನು ಮಾಡುತ್ತದೆ ಅನ್ನುವುದನ್ನೇ ನೋಡಬೇಕು. ಅದಕ್ಕೆ ಪ್ರತಿ ಸಲ ಚಾರ್ಮಾಡಿ ಹತ್ತಬೇಕಿಲ್ಲ. ಆಪ್ ಕಟ್ಟುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೋದ ಎಮ್ಯುಲೇಟರ್, ಅಂದರೆ ಲ್ಯಾಪ್‌ಟಾಪಿನೊಳಗೆ ಓಡುವ ವರ್ಚುವಲ್ ಫೋನ್, ಸಾಕು.

16 ಜಿಬಿ ರ‍್ಯಾಮ್ ಇದ್ದರೆ ನಿಶ್ಚಿಂತೆ. 8 ಜಿಬಿಯಲ್ಲೂ ಆಗುತ್ತದೆ, ಆದರೆ ಬ್ರೌಸರ್ ಮುಚ್ಚಿ, ವರ್ಚುವಲ್ ಫೋನಿಗೆ 2 ಜಿಬಿ ಮಾತ್ರ ಕೊಡಿ. ಎಸ್‌ಎಸ್‌ಡಿಯಲ್ಲಿ 20 ಜಿಬಿಯಾದರೂ ಖಾಲಿ ಇರಲಿ. ಎಮ್ಯುಲೇಟರ್ ಆಮೆಯಂತೆ ತೆವಳುತ್ತಿದ್ದರೆ ಹೆಚ್ಚಿನ ಸಲ ತಪ್ಪು ರ‍್ಯಾಮಿನದ್ದಲ್ಲ, ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ವರ್ಚುವಲೈಸೇಶನ್, ಅಂದರೆ ಯಂತ್ರದೊಳಗೆ ಇನ್ನೊಂದು ಯಂತ್ರ ಓಡಿಸಲು ಪ್ರೊಸೆಸರ್ ಕೊಡುವ ನೆರವು, ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ವಿಂಡೋಸ್‌ನಲ್ಲಾದರೆ ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲೇ ಆನ್ ಇದೆಯೋ ಇಲ್ಲವೋ ಕಾಣುತ್ತದೆ. ಜೊತೆಗೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ 'ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್' ಟಿಕ್ ಮಾಡಿ ರೀಸ್ಟಾರ್ಟ್ ಮಾಡಿ. ಹಳೆಯ ಪಾಠಗಳು ಹೇಳುವ ಹ್ಯಾಕ್ಸ್‌ಎಂ (ಇದೇ ಕೆಲಸಕ್ಕಿದ್ದ ಇಂಟೆಲ್‌ನ ಡ್ರೈವರ್) ಹಾಕಲು ಹೋಗಬೇಡಿ, ಅದರ ಕಾಲ ಮುಗಿದಿದೆ. ಉಬುಂಟುವಿನಲ್ಲಿ ಇದೇ ಕೆಲಸಕ್ಕೆ ಲಿನಕ್ಸ್‌ನ ಕೆವಿಎಂ ಬೇಕು. ನಿಮ್ಮ ಯೂಸರ್ ಕೆವಿಎಂ ಗುಂಪಿನಲ್ಲಿಲ್ಲದಿದ್ದರೆ ಅನುಮತಿ ಇಲ್ಲವೆಂಬ ಎರರ್ ಬರುತ್ತದೆ.

ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಪ್ಲಸ್ ಒತ್ತಿ, ಸಾಧಾರಣ ಅಳತೆಯ ಫೋನೊಂದನ್ನು ಆರಿಸಿ. ಮುಂದಿನ ಹೆಜ್ಜೆ ಸಿಸ್ಟಮ್ ಇಮೇಜ್, ಅಂದರೆ ಆ ಫೋನಿಗೆ ಹಾಕುವ ಆಂಡ್ರಾಯ್ಡ್ ಪ್ರತಿ. 'ಗೂಗಲ್ ಪ್ಲೇ' ಇಮೇಜಿನಲ್ಲಿ ಪ್ಲೇ ಸ್ಟೋರ್ ಇರುತ್ತದೆ, ಆದರೆ ರೂಟ್ (ಫೋನಿನ ಎಲ್ಲ ಫೈಲುಗಳ ಮೇಲೆ ಪೂರ್ಣ ಅಧಿಕಾರ) ಸಿಗುವುದಿಲ್ಲ. ಡೇಟಾಬೇಸ್ ಫೈಲ್ ಎಳೆದು ನೋಡುವ ಅಭ್ಯಾಸವಿದ್ದರೆ 'ಗೂಗಲ್ ಎಪಿಐಸ್' ಇಮೇಜೇ ಒಳ್ಳೆಯದು. ಇಂಟೆಲ್, ಎಎಂಡಿ ಯಂತ್ರಗಳಿಗೆ ಎಕ್ಸ್86-64, ಹೊಸ ಮ್ಯಾಕ್‌ಗಳಿಗೆ ಆರ್ಮ್64. ಡೌನ್‌ಲೋಡ್ 1 ಜಿಬಿ ಮೀರುವುದರಿಂದ ತೋಟದ ಮನೆಯಲ್ಲಿ ಮೊಬೈಲ್ ಡೇಟಾ ನಂಬಿ ಕೂರಬೇಡಿ. ಪೇಟೆಯಲ್ಲಿ ಒಮ್ಮೆ ಇಳಿಸಿ, ಎಸ್‌ಡಿಕೆಯ (ಆಂಡ್ರಾಯ್ಡ್ ಸ್ಟುಡಿಯೋ ಬಳಸುವ ಸಲಕರಣೆಗಳ ಫೋಲ್ಡರ್) 'ಸಿಸ್ಟಮ್-ಇಮೇಜಸ್' ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಇನ್ನೊಂದು ಯಂತ್ರಕ್ಕೆ ಒಯ್ಯಬಹುದು.

ಫೋನ್ ಎದ್ದ ಮೇಲೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುವ ಸರ್ವರನ್ನು ಅದು 'ಲೋಕಲ್‌ಹೋಸ್ಟ್' ಎಂದರೆ ಕಾಣದು. ಆ ಹೆಸರು ಫೋನಿಗೆ ತನ್ನನ್ನೇ ತೋರಿಸುತ್ತದೆ. ವಿಳಾಸ 10.0.2.2 ಎಂದು ಕೊಡಿ.

ಈಗ ನೆಟ್‌ವರ್ಕ್. ಫೋನಿನ ವೈಫೈ ಆಫ್ ಮಾಡಿ, ಪಕ್ಕದ ಪಟ್ಟಿಯ ಮೂರು ಚುಕ್ಕೆ ಒತ್ತಿ, ಸೆಲ್ಯುಲರ್‌ನಲ್ಲಿ ನೆಟ್‌ವರ್ಕ್ ಟೈಪನ್ನು ನಿಧಾನದ 2ಜಿ ಆದ ಎಡ್ಜ್‌ಗೆ ಇಳಿಸಿ. ಹಾಜರಿ ಸೇವ್ ಒತ್ತಿದ ತಕ್ಷಣ ಡೇಟಾ ಸ್ಟೇಟಸ್ಸನ್ನು 'ಡಿನೈಡ್' ಮಾಡಿ, ಸ್ವಲ್ಪ ಬಿಟ್ಟು 'ಹೋಮ್'ಗೆ ತನ್ನಿ, ಮತ್ತೆ ಸೇವ್ ಒತ್ತಿ. ಒಬ್ಬರದೇ ಹಾಜರಿ ಎರಡು ಸಲ ಬಿದ್ದಿದೆಯೇ? ಮೊದಲ ವಿನಂತಿ ಸರ್ವರ್ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದಾಗ ಹೀಗಾಗುತ್ತದೆ. ಪ್ರತಿ ದಾಖಲೆಗೆ ಫೋನಿನಲ್ಲೇ ಗುರುತಿನ ಸಂಖ್ಯೆ ಕೊಟ್ಟು, ಸರ್ವರ್ ಅದೇ ಸಂಖ್ಯೆಯನ್ನು ಎರಡನೇ ಸಲ ಒಪ್ಪದಂತೆ ಮಾಡಿ.

ಜಾಗ ಬದಲಿಸಲು ಟರ್ಮಿನಲ್‌ನಲ್ಲಿ 'ಎಡಿಬಿ ಎಮು ಜಿಯೋ ಫಿಕ್ಸ್ 75.72 13.39' ಎಂದರೆ ಮುಳ್ಳಯ್ಯನಗಿರಿ. ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಮ್ಯಾಪಿನಿಂದ ನಕಲು ಮಾಡಿದ ಕ್ರಮ ಇದಕ್ಕೆ ತಿರುಗಾಮುರುಗಾ. ಅದಲುಬದಲಾದರೆ ನಿಮ್ಮ ತೋಟ ನಾರ್ವೆಯ ಉತ್ತರದ ಸಮುದ್ರದಲ್ಲಿರುತ್ತದೆ!

ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಫಾಂಟ್ ಗಾತ್ರ ದೊಡ್ಡದು ಮಾಡಿ ನೋಡಿ. ಬಟನ್ನಿನ ಎತ್ತರ ಬಿಗಿಯಾಗಿ ಕಟ್ಟಿದ್ದರೆ 'ಉಸ್ತುವಾರಿ'ಯ ತ-ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಯಂತ್ರ ಆರಿದರೆ, ಮರಳಿ ಶುರುಮಾಡುವಾಗ ಈ ಫೋನ್ ಆಗಲೇ ಓಡುತ್ತಿದೆ ಎಂದು ಎಮ್ಯುಲೇಟರ್ ತಕರಾರು ತೆಗೆಯಬಹುದು. ಯೂಸರ್ ಫೋಲ್ಡರಿನಲ್ಲಿರುವ 'ಡಾಟ್ ಆಂಡ್ರಾಯ್ಡ್' ಒಳಗಿನ ಎವಿಡಿ (ವರ್ಚುವಲ್ ಫೋನಿನ) ಫೋಲ್ಡರಿನಲ್ಲಿ 'ಲಾಕ್' ಎಂದು ಕೊನೆಯಾಗುವ ಫೈಲುಗಳನ್ನು ಅಳಿಸಿ. ಪರದೆ ಕಪ್ಪಾಗೇ ನಿಂತರೆ 'ಕೋಲ್ಡ್ ಬೂಟ್' ಮಾಡಿ (ಮೊದಲಿನಿಂದ ಶುರು), ಫೋನಿನ ಹಿಂದಿನ ಸ್ಥಿತಿ ಉಳಿಸಿಟ್ಟ ಸ್ನ್ಯಾಪ್‌ಶಾಟ್ ಕೆಟ್ಟಿರುತ್ತದೆ. 'ವೈಪ್ ಡೇಟಾ' ಕೊನೆಯ ದಾರಿ, ಹಾಕಿದ ಆಪ್‌ಗಳೆಲ್ಲ ಹೋಗುತ್ತವೆ.

ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಸಿಂಕ್ ಕೊಲ್ಲುವ ಫೋನ್ ಕಂಪನಿಗಳ ಚಾಳಿ ಎಮ್ಯುಲೇಟರಿನಲ್ಲಿ ಸಿಗದು. ಅದಕ್ಕೆ ಮೇಸ್ತ್ರಿಯ ಜೇಬಿನಲ್ಲಿರುವಂಥ ಅಗ್ಗದ ಫೋನೊಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳಲೇಬೇಕು.